ಕೆಳಗಿನ ಬೀದಿಯ ವಾಲ್ವು

ಕೆಳಗಿನ ಬೀದಿಗೆ ನೀರು ನಿಂತು ಹತ್ತೊಂಬತ್ತು ದಿನಗಳಾಗಿದ್ದವು. ಇಪ್ಪತ್ತನೆಯ ದಿನ ಬೆಳಿಗ್ಗೆ ಆ ಬೀದಿಯ ಹೆಂಗಸರು ಖಾಲಿ ಕೊಡಗಳನ್ನು ಸೊಂಟದ ಮೇಲಿಟ್ಟುಕೊಂಡು ನೀರುಗಂಟಿಯ ಮನೆಯ ಮುಂದೆ ಬಂದು ನಿಂತರು. ಅವರ ಹಿಂದೆ ಅದೇ ಬೀದಿಯ ಬಡಗಿಯೂ ಇದ್ದ. ಜಗಲಿಯ ಮೇಲೆ ಇಸ್ತ್ರಿ ಮೇಜು ಹಾಕಿಕೊಂಡು ಯಾರದೋ ಅಂಗಿಯ ಕಾಲರ್ ಒತ್ತುತ್ತಿದ್ದ ನೀರುಗಂಟಿಯ ಹೆಂಡತಿ ತಲೆಯೆತ್ತಿ ನೋಡಿದಳು. ನೋಡಿದವಳು, ಇಸ್ತ್ರಿ ಪೆಟ್ಟಿಗೆಯ ಕೆಂಡ ಊದುತ್ತ ಒಳಗೆ ಕೂಗಿದಳು:

"ರೀ, ನಿಮ್ಮ ಬೀಗರು ಬಂದಿದಾರೆ."

ನೀರುಗಂಟಿ ಹೊರಗೆ ಬಂದ. ಐವತ್ತೆರಡರ ಆಳು, ಮುಖ ಊದಿಕೊಂಡಿತ್ತು, ಕಾಲುಗಳನ್ನು ಅಗಲಿಸಿ ಇಟ್ಟು ನಡೆಯುತ್ತಿದ್ದ. ಕೈಯಲ್ಲಿ ಚಾವಿ. ಅದು ಬಾಗಿಲ ಚಾವಿಯಲ್ಲ. ಎದೆಯೆತ್ತರದ ಕಬ್ಬಿಣದ ಸಲಾಕೆ, ಮೇಲೆ ಅಡ್ಡ ಹಿಡಿ, ಕೆಳಗೆ ಚೌಕದ ಬಾಯಿ. ಊರಿನ ನೆಲದಡಿಯಲ್ಲಿ ಅಲ್ಲಲ್ಲಿ ಹೂತಿರುವ ಹದಿನಾಲ್ಕು ವಾಲ್ವುಗಳಿಗೂ ಅದೊಂದೇ ಚಾವಿ. ಇಪ್ಪತ್ತೇಳು ವರ್ಷ ಅವನ ಅಂಗೈ ತಿಕ್ಕಿ ತಿಕ್ಕಿ ಹಿಡಿ ಬೆಳ್ಳಿಯಂತೆ ಹೊಳೆಯುತ್ತಿತ್ತು.

"ನೀರು ಬಿಟ್ಟಿದೀನಲ್ಲ" ಎಂದ.

"ಯಾವಾಗ ಬಿಟ್ಟೆ ಮಾರಾಯ? ನಲ್ಲಿ ಬರೀ ಗಾಳಿ ಉಗುಳ್ತಿದೆ" ಎಂದಳು ಒಬ್ಬಳು.

"ನಿನ್ನೆ ಸಂಜೆ. ಸುಳ್ಳು ಹೇಳ್ತೀನಾ? ವಾಲ್ವು ತಿರುಗಿಸ್ತಾ ಇದ್ದೆ, ಬಡಗಿಯ ತಾಯಿ ಬಂದ್ರು. 'ಪಾಪ, ಬೆವತಿದೀಯಲ್ಲೋ' ಅಂತ ಒಂದು ಲೋಟ ಟೀ ಕೊಟ್ರು. ಹಿತ್ತಾಳೆ ಲೋಟ. ಕುಡಿದು ಬಂದೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಬಡಗಿಯ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಬಡಗಿ ಮುಂದೆ ಬಂದ. ಅವನಿಗೆ ಕೋಪಕ್ಕಿಂತ ಚೇಷ್ಟೆ ಹೆಚ್ಚು.

"ಹೌದಾ? ಟೀಗೆ ಸಕ್ಕರೆ ಸರಿಯಾಗಿತ್ತಾ?"

"ಕಮ್ಮಿ ಇತ್ತು" ಎಂದ ನೀರುಗಂಟಿ, ಯೋಚಿಸಿ.

ನಗಬೇಕೆಂದು ಬಾಯಿ ತೆರೆದಿದ್ದ ಬಡಗಿ ಹಾಗೆಯೇ ನಿಂತ. ಅವನ ತಾಯಿ ಸಕ್ಕರೆ ಹಾಕುವುದರಲ್ಲಿ ಬಲು ಕೈಬಿಗಿಯವಳಾಗಿದ್ದಳು.

ಹೆಂಗಸರು ಅಲ್ಲಿಂದ ನೆಟ್ಟಗೆ ನೀರಿನ ಕಚೇರಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಸಾಹೇಬರೇ ಸ್ಕೂಟರ್ ಏರಿ ಬಂದರು. ಜಗಲಿಯ ಮೇಲೆ ಕೂರಲಿಲ್ಲ, ನಿಂತೇ ಮಾತನಾಡಿದರು.

"ನೋಡಮ್ಮ, ತಿಂಗಳ ಕೊನೆಗೆ ಹದಿನೈದು ದಿನ ಇದೆ. ಅಷ್ಟರೊಳಗೆ ಕೆಳಗಿನ ಬೀದೀಲಿ ನೀರು ಬರಬೇಕು. ನಿನ್ನ ಗಂಡನ ತಲೆ ಕೆಲಸಕ್ಕಾಗುತ್ತೆ ಅಂತ ಡಾಕ್ಟರಿಂದ ಒಂದು ಕಾಗದಾನೂ ತರಬೇಕು. ಇಲ್ಲದಿದ್ರೆ ಚಾವಿ ತಂದು ನನ್ನ ಮೇಜಿನ ಮೇಲಿಡಿ. ನನ್ನ ಷಡ್ಡಕ ಈ ಕೆಲಸಕ್ಕೆ ತಯಾರಾಗಿದಾನೆ."

"ನಿಮ್ಮ ಷಡ್ಡಕರಿಗೆ ವಾಲ್ವು ಎಲ್ಲೆಲ್ಲಿದೆ ಗೊತ್ತಾ ಸಾಹೇಬ್ರೆ?" ಎಂದು ನೀರುಗಂಟಿ ಮೀಸೆಯಡಿಯಲ್ಲೇ ನಕ್ಕ.

ಅದೇ ಅವನ ಬಲ. ಪೈಪು ಹೂಳಿದ ಕಾಲದ ಇಂಜಿನಿಯರು ಒಂದು ನಕ್ಷೆ ಮಾಡಿಕೊಟ್ಟಿದ್ದ. ನೀರುಗಂಟಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅದನ್ನು ಇಲಿ ತಿಂದಿತೆಂದು ವರದಿ ಹೋಯಿತು. ಆ ಇಲಿಗೆ ದಪ್ಪ ಮೀಸೆ ಇತ್ತೆಂದು ಊರಿಗೆಲ್ಲ ಗೊತ್ತಿತ್ತು. ಅಂದಿನಿಂದ ಊರಿನ ನೀರಿನ ನಕ್ಷೆ ಇದ್ದದ್ದು ಒಂದೇ ಕಡೆ, ಅವನ ತಲೆಯಲ್ಲಿ. ಆ ತಲೆಗೆ ಅವನು ದಿನಾ ಸಂಜೆ ಹೆಂಡ ಸುರಿಯುತ್ತ ಬಂದಿದ್ದ.

ಸಾಹೇಬರು ಹೋದ ಮೇಲೆ ಹೆಂಡತಿ ಪಕ್ಕದ ಕೇರಿಯಿಂದ ತಮ್ಮನನ್ನು ಕರೆಸಿದಳು. ಅವನು ಗಾರೆ ಕೆಲಸದ ಮೇಸ್ತ್ರಿ. ಮಾತು ಕಡಿಮೆ, ಆಡಿದರೆ ಚುಚ್ಚು. ಮೂರು ವಾರದಿಂದ ಅಕ್ಕನ ಅಪ್ಪಣೆಯ ಮೇಲೆ ಸಂಜೆಯಾದರೆ ಭಾವನ ತೋಳು ಹಿಡಿದು, ಹೆಂಡದಂಗಡಿಯ ದಾರಿ ತಪ್ಪಿಸಿ, ಹಿಂದಿನ ಓಣಿಯಿಂದ ಮನೆಗೆ ತಂದು ಬಿಡುವ ಕೆಲಸವೂ ಅವನದೇ.

"ತಮ್ಮ, ಇವರ ಕೈಯಿಂದ ಚಾವಿ ಹೋದ್ರೆ ಇವರು ಬದುಕಲ್ಲ ಕಣೋ" ಎಂದಳು ಅಕ್ಕ, ಮೆಲ್ಲಗೆ. "ನನ್ನ ಹೆಸರು ಮರೀತಾರೆ, ಚಾವಿ ಮರೆಯಲ್ಲ. ಮೊನ್ನೆ ನನ್ನನ್ನ 'ಏನಮ್ಮಾ' ಅಂದ್ರು."

"ಏನು ಮಾಡೋದಕ್ಕಾ?"

"ಡಾಕ್ಟರ ಹತ್ರ ಹೋಗೋದು. ಮೂರು ಮಾತು ಹೇಳಿ, ಐದು ನಿಮಿಷ ಬಿಟ್ಟು ಕೇಳ್ತಾರಂತೆ. ಟೈಲರ್ ತಂದೆಗೆ ಹೋದ ತಿಂಗಳು ಹಾಗೇ ಮಾಡಿದ್ರಂತೆ."

ನೀರುಗಂಟಿ ಒಳಗಿನಿಂದ ಇದನ್ನು ಕೇಳಿಸಿಕೊಂಡ. ಸಂಜೆ ಟೈಲರ್ ಅಂಗಡಿಗೆ ಹೋಗಿ, ಮುದುಕನ ಪಕ್ಕ ಕೂತು, ಆ ಮೂರು ಮಾತು ಯಾವುವೆಂದು ಕೇಳಿ ತಿಳಿದುಕೊಂಡ. ಎಲೆ, ಬೀಗ, ಕೋಣ. ನಾಲ್ಕು ದಿನ ಅದನ್ನೇ ಹೇಳಿಕೊಂಡು ಓಡಾಡಿದ. ಹಲ್ಲುಜ್ಜುವಾಗ ಎಲೆ, ಬೀಗ, ಕೋಣ. ಊಟಕ್ಕೆ ಕೂತಾಗ ಎಲೆ, ಬೀಗ, ಕೋಣ. ಮೊದಲೆರಡು ದಿನ ಕೋಣ ತಪ್ಪಿಸಿಕೊಂಡು ಓಡುತ್ತಿತ್ತು; ಮೂರನೆಯ ದಿನ ಬಂದು ಗೂಟದ ಬಳಿ ನಿಂತಿತು. ಇಸ್ತ್ರಿ ಮಾಡುತ್ತ ಹೆಂಡತಿ ಎಲ್ಲವನ್ನೂ ಕೇಳುತ್ತಿದ್ದಳು. ಅದು ಮೋಸವೆಂದು ಗೊತ್ತಿದ್ದೂ, ಅವನು ತಪ್ಪಿದಲ್ಲಿ ತಿದ್ದುತ್ತಿದ್ದಳು.

ಐದನೆಯ ದಿನ ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದರು. ಡಾಕ್ಟರಮ್ಮ ಮೂವತ್ತೈದರ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿ ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು.

"ತಲೆ ಮೇಲಿದೆ" ಎಂದ ನೀರುಗಂಟಿ. "ನನಗೆ ಮರೆವು ಅಂತಾರೆ ಜನ."

ಡಾಕ್ಟರಮ್ಮ ನಕ್ಕು, ಕನ್ನಡಕ ಇಳಿಸಿಕೊಂಡು, "ಮೂರು ಮಾತು ಹೇಳ್ತೀನಿ, ನೆನಪಿಟ್ಕೊಳ್ಳಿ. ಕುರ್ಚಿ, ಮಳೆ, ಸೂಜಿ" ಎಂದಳು. ನೀರುಗಂಟಿ ಗಂಭೀರವಾಗಿ ತಲೆಯಾಡಿಸಿದ. ಅವಳು ಅವನನ್ನು ಗೆರೆಯ ಮೇಲೆ ನಡೆಸಿದಳು, ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದಳು, ಪಾದಕ್ಕೆ ಸೂಜಿಯ ಮೊನೆ ತಾಕಿಸಿದಳು. ಅವನಿಗೆ ಅದು ಗೊತ್ತೇ ಆಗಲಿಲ್ಲ. ಒಂದು ಕಾಗದ ಕೊಟ್ಟು ಗಡಿಯಾರ ಬರೆಯಲು ಹೇಳಿದಳು. ಅವನು ದುಂಡಗೆ ಗೆರೆಯೆಳೆದು ಹನ್ನೆರಡೂ ಅಂಕಿಗಳನ್ನು ಬಲಗಡೆಗೇ ಒತ್ತೊತ್ತಾಗಿ ತುಂಬಿದ.

"ಈ ಕಡೆ ಅರ್ಧ ಖಾಲಿ ಇದೆಯಲ್ಲ?"

"ಆ ಹೊತ್ತಲ್ಲಿ ನೀರು ಬಿಡಲ್ಲ ಡಾಕ್ಟರಮ್ಮ."

ಮೇಸ್ತ್ರಿ ಗೋಡೆಯ ಕಡೆ ತಿರುಗಿ ಕೆಮ್ಮಿದ.

"ಸರಿ, ಈಗ ಆ ಮೂರು ಮಾತು ಹೇಳಿ."

ನೀರುಗಂಟಿ ಎದೆ ಮುಂದೆ ಮಾಡಿ ಕೂತ. "ಎಲೆ. ಬೀಗ. ಕೋಣ." ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

"ನಾನು ಕೋಣ ಅಂದೆನಾ?"

"ಅಂದ್ರಿ. ಕರೀ ಕೋಣ ಅಂದ್ರಿ. ಕೊಂಬು ಒಂದು ಮುರಿದಿತ್ತು ಅಂತಲೂ ಹೇಳಿದ್ರಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ನಗುವನ್ನು ನುಂಗಿಕೊಂಡಳೆಂಬುದು ಅವಳ ಗಲ್ಲದಲ್ಲಿ ಕಂಡಿತು. ಅವನನ್ನು ರಕ್ತಪರೀಕ್ಷೆಗೆ ನರ್ಸಿನ ಜೊತೆ ಕಳಿಸಿ ಹೆಂಡತಿಯ ಕಡೆ ತಿರುಗಿದಳು.

"ಎಷ್ಟು ವರ್ಷದಿಂದ ಕುಡೀತಾರೆ?"

"ಹನ್ನೆರಡು. ಮೊದಲು ಒಂದು ಲೋಟ. ಆಮೇಲೆ ನಾನು ಎಣಿಸೋದು ಬಿಟ್ಟೆ. ಮೂರು ವಾರದ ಮೇಲಾಯ್ತು, ಅಂಗಡಿಗೆ ಬಿಟ್ಟಿಲ್ಲ. ಆದ್ರೂ ವಾಸನೆ ಬರುತ್ತೆ."

"ನೀರಿನ ಟ್ಯಾಂಕಿನ ಏಣಿ ಕೆಳಗೆ ಬಾಟಲಿ ಇಟ್ಟಿದಾರೆ" ಎಂದ ಮೇಸ್ತ್ರಿ. "ನಿನ್ನೆ ಗೊತ್ತಾಯ್ತು."

"ಒಂದು ಲೆಕ್ಕಕ್ಕೆ ಒಳ್ಳೇದಾಯ್ತು. ಇಷ್ಟು ಕುಡಿಯೋವರಿಗೆ ಮನೇಲೇ ಒಂದೇ ಸಲಕ್ಕೆ ನಿಲ್ಲಿಸಿಬಿಟ್ರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಇಲ್ಲೇ ಬಿಡಿಸಬೇಕು, ನಮ್ಮ ಕಣ್ಣ ಮುಂದೆ." ಅವಳು ಗಡಿಯಾರದ ಚಿತ್ರವನ್ನು ಅವರತ್ತ ತಿರುಗಿಸಿದಳು. "ಹೆಂಡದಲ್ಲಿ ಹೊಟ್ಟೆ ತುಂಬಿಸಿಕೊಂಡು ಊಟ ಬಿಡ್ತಾರೆ. ಮಿದುಳಿಗೆ ಬೇಕಾದ ಒಂದು ವಿಟಮಿನ್ ಸಿಗಲ್ಲ. ಹೆಂಡ ಮಿದುಳನ್ನ ಬೇರೆ ಸೊರಗಿಸುತ್ತೆ. ಹೊಸದು ಒಳಗೆ ನಿಲ್ಲಲ್ಲ, ಹಳೇದರಲ್ಲಿ ತೂತು ಬೀಳುತ್ತೆ. ತೂತು ಬಿದ್ದದ್ದು ಅವರಿಗೇ ತಿಳಿಯಲ್ಲ. ಮಿದುಳು ಕೈಗೆ ಸಿಕ್ಕಿದ್ದನ್ನ ತಂದು ಅಲ್ಲಿ ಮುಚ್ಚಿಬಿಡುತ್ತೆ."

"ಬಿರುಕಿಗೆ ಮೇಲೆ ಮೇಲೆ ಗಾರೆ ಮೆತ್ತಿದ ಹಾಗೆ" ಎಂದ ಮೇಸ್ತ್ರಿ.

"ಹಾಗೇ. ಸುಳ್ಳು ಹೇಳ್ತಿದಾರೆ ಅಂತ ಬಯ್ಯಬೇಡಿ. ಸುಳ್ಳುಗಾರನಿಗೆ ನಿಜ ಗೊತ್ತಿರುತ್ತೆ. ಇವರಿಗೆ ಗೊತ್ತಿಲ್ಲ."

"ವಾಸಿ ಆಗುತ್ತಾ?" ಎಂದಳು ಹೆಂಡತಿ.

"ಪೂರ್ತಿ ಬಿಟ್ರೆ ಸ್ವಲ್ಪ ಚೇತರಿಸಿಕೊಳ್ಳಬಹುದು. ಎಷ್ಟು ಅಂತ ಹೇಳಲಾರೆ. ಬಿಡದಿದ್ರೆ ಎಷ್ಟು ಹಾಳಾಗುತ್ತೆ ಅಂತ ಮಾತ್ರ ಹೇಳಬಲ್ಲೆ."

ಹೆಂಡತಿ ಚಾವಿಯ ವಿಷಯ, ಕೆಳಗಿನ ಬೀದಿಯ ವಿಷಯ ಎಲ್ಲ ಹೇಳಿದಳು. ಡಾಕ್ಟರಮ್ಮ ಗಮನವಿಟ್ಟು ಕೇಳಿದಳು.

"ತಲೆಯಿಂದ ಹೋದದ್ದೆಲ್ಲ ಕೈಕಾಲಿಂದ ಹೋಗಿರಲ್ಲ. ಸೈಕಲ್ ಹೊಡೆಯೋದು, ಗಂಟು ಹಾಕೋದು ಕೊನೇವರೆಗೂ ಉಳಿಯುತ್ತೆ. ವಾಲ್ವು ಎಲ್ಲಿ ಅಂತ ಬಾಯನ್ನ ಕೇಳಬೇಡಿ, ಬಾಯಿ ಕಥೆ ಕಟ್ಟುತ್ತೆ. ಚಾವಿ ಕೈಗೆ ಕೊಟ್ಟು ಸುಮ್ನೆ ನಡೆಸಿ. ಕಾಲು ಎಲ್ಲಿ ನಿಲ್ಲುತ್ತೋ ನೋಡಿ."

ನೀರುಗಂಟಿ ಎಂಟು ದಿನ ಆರೋಗ್ಯ ಕೇಂದ್ರದ ಮಂಚದ ಮೇಲಿದ್ದ. ಮೊದಲ ಮೂರು ದಿನ ನಡುಗಿದ, ಬೆವರಿದ, ಗೋಡೆಯ ಮೇಲೆ ಇರುವೆಗಳು ಹತ್ತುತ್ತಿವೆಯೆಂದು ನರ್ಸನ್ನು ಕರೆದು ತೋರಿಸಿದ. ದಿನಾ ಇಂಜೆಕ್ಷನ್, ಮಾತ್ರೆ, ಹೊತ್ತುಹೊತ್ತಿಗೆ ಊಟ. ನಾಲ್ಕನೆಯ ದಿನ ಹೆಂಡತಿಯನ್ನು ಹೆಸರು ಹಿಡಿದು ಕರೆದ. ಆ ದಿನ ಅವಳು ಮನೆಗೆ ಬಂದು ಇಸ್ತ್ರಿಗೆ ನಿಂತು, ಮೈಮರೆತು ಒಂದು ಅಂಗಿಯನ್ನು ಸುಟ್ಟುಬಿಟ್ಟಳು.

ಆ ಎಂಟು ದಿನ ಚಾವಿ ಹೊತ್ತವನು ಮೇಸ್ತ್ರಿ. ಅವನಿಗೆ ಕಷ್ಟವೇನೂ ಆಗಲಿಲ್ಲ. ಪ್ರತಿ ಬೀದಿಯ ಜನಕ್ಕೂ ತಮ್ಮ ತಮ್ಮ ವಾಲ್ವು ಗೊತ್ತಿತ್ತು. "ಇಲ್ಲಿ ಕಣೋ, ಈ ತಗಡಿನ ಕೆಳಗೆ", "ಆ ಕಲ್ಲೆತ್ತು" ಎಂದು ತೋರಿಸಿದರು. ಅವನು ಒಂದೊಂದರ ಪಕ್ಕವೂ ಸುಣ್ಣದ ಗುರುತು ಹಾಕಿದ. ಹದಿಮೂರಾಯಿತು. ಹದಿನಾಲ್ಕನೆಯದಕ್ಕೆ ಬಂದಾಗ ಕೆಳಗಿನ ಬೀದಿಯವರು ತಲೆ ತುರಿಸಿಕೊಂಡರು.

"ನಮ್ಮ ಬೀದೀಲಿ ಅವನು ಬಗ್ಗಿದ್ದನ್ನೇ ನಾವು ನೋಡಿಲ್ಲ. ಸಂಜೆ ದೀಪ ಹಚ್ಚೋ ಮುಂಚೆ ನೀರು ಬರ್ತಿತ್ತು, ಹೋಗ್ತಿತ್ತು, ಅಷ್ಟೇ."

"ಈಚೆಗೆ ಜಾಸ್ತಿ ಹೊತ್ತು ಬರ್ತಿತ್ತಲ್ಲ" ಎಂದಳು ಇನ್ನೊಬ್ಬಳು. "ಮೊದಲು ಅರ್ಧ ಗಂಟೆ. ಈ ಒಂದೆರಡು ವರ್ಷ ಎರಡು ಗಂಟೆ, ಮೂರು ಗಂಟೆ. ಕೆಲವು ದಿನ ನಿಲ್ಲುತ್ತಲೇ ಇರಲಿಲ್ಲ. ಚರಂಡಿ ತುಂಬಿ ಹರೀತಿತ್ತು."

ಮೇಸ್ತ್ರಿ ಎರಡು ಕಡೆ ಅಗೆದು ನೋಡಿದ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಯಾರೋ ಹೂತಿಟ್ಟ ಹಳೇ ಪಾತ್ರೆ ಸಿಕ್ಕಿತು. ಪಾತ್ರೆ ತನ್ನದೆಂದು ನಾಲ್ವರು ಬಂದರು. ಅಗೆಯುವುದನ್ನು ನಿಲ್ಲಿಸಿದ.

ತಿಂಗಳ ಕೊನೆಯ ದಿನದ ಸಂಜೆ ನೀರುಗಂಟಿಯನ್ನು ಬೀದಿಗಿಳಿಸಿದರು. ಮುಖದ ಊತ ಇಳಿದಿತ್ತು. ಚಾವಿ ಕೈಗೆ ಬಂದೊಡನೆ ಅವನ ಬೆನ್ನು ನೆಟ್ಟಗಾಯಿತು. ಸಾಹೇಬರು ಬಂದಿದ್ದರು. ಪಕ್ಕದಲ್ಲಿ ಹೊಸ ಬೂಟು ಹಾಕಿಕೊಂಡ ಷಡ್ಡಕ ನಿಂತಿದ್ದ. ಹಿಂದೆ ಕೆಳಗಿನ ಬೀದಿಯ ಅರ್ಧ ಜನ, ಬಡಗಿಯೂ ಸೇರಿ. ಹೆಂಡತಿ ಎಲ್ಲರಿಗೂ ಒಂದೇ ಮಾತು ಹೇಳಿದ್ದಳು: "ಯಾರೂ ಏನೂ ಕೇಳಬೇಡಿ."

ನೀರುಗಂಟಿ ನಡೆದ. ಮೇಲಿನ ಬೀದಿ, ಶಾಲೆಯ ಮೂಲೆ, ಬೇವಿನ ಮರದ ಕಟ್ಟೆ. ಎಲ್ಲೆಲ್ಲಿ ಸುಣ್ಣದ ಗುರುತಿತ್ತೋ ಅಲ್ಲಲ್ಲಿ ಅವನ ಕಾಲು ತಾನೇ ನಿಂತಿತು. ಗುರುತನ್ನು ನೋಡಿ, "ಯಾವನೋ ಇಲ್ಲೆಲ್ಲ ಸುಣ್ಣ ಚೆಲ್ಲಿದಾನೆ" ಎಂದು ಬೈದ. ಹದಿಮೂರೂ ಆದವು. ಆಮೇಲೆ ಅವನು ಕೆಳಗಿನ ಬೀದಿಗೆ ಹೋಗದೆ, ನಾಲ್ಕು ದಾರಿ ಕೂಡುವಲ್ಲಿ ಎಡಕ್ಕೆ ತಿರುಗಿ ನೆಟ್ಟಗೆ ಹೆಂಡದಂಗಡಿಯ ಕಡೆ ನಡೆದ.

ಮೇಸ್ತ್ರಿ ಓಡಿಹೋಗಿ ತೋಳು ಹಿಡಿದ. "ಭಾವ, ಆ ಕಡೆ ಬೇಡ. ಬನ್ನಿ."

ಬಂದ. ಮತ್ತೆ ಬೇವಿನ ಕಟ್ಟೆಯಿಂದ ಹೊರಟು ಮತ್ತೆ ಎಡಕ್ಕೇ ತಿರುಗಿದ. ಮತ್ತೆ ಎಳೆದು ತಂದರು.

"ಇಪ್ಪತ್ತೇಳು ವರ್ಷದ ಅನುಭವ!" ಎಂದರು ಸಾಹೇಬರು. "ಕಾಲಿಗೆ ವಾಲ್ವು ಗೊತ್ತಿದೆಯಂತೆ. ಕಾಲಿಗೆ ಗೊತ್ತಿರೋದು ಒಂದೇ ಅಂಗಡಿ. ತೆಗೆದುಕೊಳ್ಳಯ್ಯ ಚಾವೀನ." ಷಡ್ಡಕ ಕೈ ಚಾಚಿದ. ನೀರುಗಂಟಿ ಚಾವಿಯನ್ನು ಎದೆಗವಚಿಕೊಂಡು ಸುತ್ತ ನೋಡಿದ. ಅವನ ಕಣ್ಣಲ್ಲಿ, ಸಂತೆಯಲ್ಲಿ ಕೈಬಿಟ್ಟುಹೋದ ಮಗುವಿನ ಗಾಬರಿ ಇತ್ತು.

ಹೆಂಡತಿ ಅದನ್ನು ನೋಡಿದಳು. ಇನ್ನೂ ಒಂದನ್ನು ನೋಡಿದ್ದಳು. ಎರಡು ಸಲವೂ ಅಂಗಡಿಯ ಕಡೆ ತಿರುಗಿದಾಗ ಅವನ ಕಣ್ಣು ಬಾಟಲಿಗಳ ಮೇಲಿರಲಿಲ್ಲ, ನೆಲದ ಮೇಲಿತ್ತು.

"ಬಿಡೋ ತಮ್ಮ" ಎಂದಳು. "ಹೋಗಲಿ."

"ಅಕ್ಕಾ, ಎಂಟು ದಿನ ಪಟ್ಟ ಕಷ್ಟ..."

"ಕಷ್ಟ ಪಟ್ಟವಳು ನಾನು. ಬಿಡು ಅಂದೆ."

ನೀರುಗಂಟಿ ಹೋಗಿ ಅಂಗಡಿಯ ಮುಂದಿನ ಕಲ್ಲುಬೆಂಚಿನ ಎಡಗಡೆ ಮೂಲೆಯಲ್ಲಿ ಕೂತ. ಕಾಲುಗಳನ್ನು ಅಗಲಿಸಿದ. ಚಾವಿಯನ್ನು ಮೊಣಕಾಲುಗಳ ನಡುವೆ ಊರುಗೋಲಿನಂತೆ ನಿಲ್ಲಿಸಿಕೊಂಡು ಹಿಡಿಯ ಮೇಲೆ ಗಲ್ಲವೂರಿದ. ಅಂಗಡಿಯವನು ಹನ್ನೆರಡು ವರ್ಷದ ಅಭ್ಯಾಸದಿಂದ ಲೋಟ ತುಂಬಿ ತಂದೇಬಿಟ್ಟ. ಹೆಂಡತಿ ಅದನ್ನು ನಡುವೆಯೇ ತೆಗೆದುಕೊಂಡಳು. ಏನು ಮಾಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು.

ನೀರುಗಂಟಿ ಲೋಟದ ಕಡೆ ನೋಡಲಿಲ್ಲ. ಅವನ ಎಡಗಾಲಿನ ಹಿಮ್ಮಡಿ ನೆಲದ ದೂಳನ್ನು ಸರಿಸಿತು. ದೂಳಿನಡಿಯಲ್ಲಿ ಅಂಗೈಯಗಲದ ತಗಡೊಂದಿತ್ತು. ಕಾಲೇ ಅದನ್ನು ಪಕ್ಕಕ್ಕೆ ತಳ್ಳಿತು. ಚಾವಿ ಒಂದು ಗೇಣು ಕೆಳಗಿಳಿಯಿತು. ಕಟಕ್ ಎಂದಿತು. ಅವನು ಎಲೆಯಡಿಕೆ ಜಗಿಯುತ್ತಿರುವವನಂತೆ ಬಾಯಾಡಿಸುತ್ತ, ಎತ್ತಲೋ ನೋಡುತ್ತ, ಹಿಡಿಯನ್ನು ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು ತಿರುಗಿಸಿದ. ನೆಲದೊಳಗೆ ಏನೋ ಗೊರಗೊರ ಎಂದು, ಉಸಿರೆಳೆದುಕೊಂಡು, ಓಡಿತು.

ಸ್ವಲ್ಪ ಹೊತ್ತಿಗೆ ಕೆಳಗಿನ ಬೀದಿಯ ಕಡೆಯಿಂದ ಕೊಡಗಳ ಸದ್ದು, ಅದರ ಹಿಂದೆಯೇ ಜಗಳದ ಸದ್ದು ಕೇಳಿತು. ನೀರು ಬಂದಿತ್ತು.

"ಅಯ್ಯೋ, ಇವನು ದಿನಾ ಕುಡಿದು ನೆಲ ಚುಚ್ತಾ ಕೂತಿರ್ತಾನೆ ಅಂದ್ಕೊಂಡಿದ್ದೆ!" ಎಂದ ಅಂಗಡಿಯವನು. ಅವನಿಗೆ ಈಗ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಅಂಗಡಿ ತೆರೆದು ಈ ಬೆಂಚು ತಂದು ಹಾಕಿದಾಗ ನೀರುಗಂಟಿ, ಇಲ್ಲಿ ಬೇಡವೆಂದು ತಕರಾರು ತೆಗೆದಿದ್ದ. ಯಾಕೆಂದು ಹೇಳಿರಲಿಲ್ಲ, ಗುಟ್ಟು ಬಿಟ್ಟುಕೊಡುವವನಲ್ಲ. ಸಮಾಧಾನ ಮಾಡಲು ಅಂಗಡಿಯವನು ಒಂದು ಲೋಟ ಕೊಟ್ಟಿದ್ದ. ಅದು ಮೊದಲನೆಯ ಲೋಟ. ಸಂಜೆ ವಾಲ್ವು ತೆರೆದು, ಮತ್ತೆ ಮುಚ್ಚುವವರೆಗೆ ಕೂರಬೇಕಲ್ಲ. ಕೂತವನಿಗೆ ಕೈಯಲ್ಲೇನಾದರೂ ಬೇಕಲ್ಲ. ಲೋಟ ಹೆಚ್ಚಿದಂತೆ ಕೂರುವ ಹೊತ್ತು ಹೆಚ್ಚಿತು, ಕೆಳಗಿನ ಬೀದಿಗೆ ನೀರೂ ಹೆಚ್ಚಿತು.

ಹೆಂಡತಿ ಮೇಸ್ತ್ರಿಯ ಕಡೆ ನೋಡಿದಳು. ಮೇಸ್ತ್ರಿ ತನ್ನ ಕಾಲಿನ ಕಡೆ ನೋಡಿಕೊಂಡ. ಕೆಳಗಿನ ಬೀದಿಗೆ ನೀರು ನಿಂತದ್ದು ಯಾವ ದಿನದಿಂದ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು: ಅವನಿಗೆ ಅಂಗಡಿಯ ದಾರಿ ತಪ್ಪಿಸಿದ ದಿನದಿಂದ.

"ನೀವಿಬ್ಬರೇನಾ?" ಎಂದ ಬಡಗಿ, ಬಾಯಿ ಅಗಲಿಸಿ. "ಇಷ್ಟು ದಿನ ನಮ್ಮನ್ನ ಒಣಗಿಸಿದ್ದು?"

"ಬಾಯಿ ಮುಚ್ಚೋ" ಎಂದಳು ಅವಳು. ಕೈಯಲ್ಲಿದ್ದ ಲೋಟದ ಹೆಂಡವನ್ನು ಚರಂಡಿಗೆ ಚೆಲ್ಲಿದಳು.

ಸಾಹೇಬರು ಡಾಕ್ಟರ ಕಾಗದ ಕೇಳಿದರು. ಮೇಸ್ತ್ರಿ ಜೇಬಿನಿಂದ ತೆಗೆದುಕೊಟ್ಟ. ಈ ಮನುಷ್ಯ ಒಬ್ಬನೇ ಕೆಲಸ ಮಾಡಬಾರದು, ಜೊತೆಗೊಬ್ಬರಿದ್ದರೆ ಮಾಡಬಹುದು, ಹೆಂಡ ಮುಟ್ಟಕೂಡದು, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಎಂದಿತ್ತು.

"ಜೊತೆಗೆ ಯಾರು?" ಎಂದರು ಸಾಹೇಬರು. ಷಡ್ಡಕ ಬೂಟಿನ ಮೇಲೆ ಸಿಡಿದಿದ್ದ ಚರಂಡಿಯ ಕೆಸರು ನೋಡುತ್ತಿದ್ದ.

"ನಾನಿದೀನಲ್ಲ" ಎಂದಳು ಹೆಂಡತಿ. "ಇಸ್ತ್ರಿ ಬೆಳಿಗ್ಗೇನೇ ಮುಗಿಯುತ್ತೆ."

ಮರುದಿನ ಬೆಂಚನ್ನು ಎಂಟು ಜನ ಸೇರಿ ಎತ್ತಿ ಬೀದಿಯ ಆಚೆಗೆ ಹಾಕಿದರು. ಅಂಗಡಿಯವನು ಗೊಣಗಿದ. ಮೇಸ್ತ್ರಿ ವಾಲ್ವಿನ ಸುತ್ತ ಚೌಕವಾಗಿ ಇಟ್ಟಿಗೆ ಕಟ್ಟಿ ಸುಣ್ಣ ಬಳಿದ. ಎಲ್ಲ ಸರಿಹೋಯಿತೆಂದುಕೊಂಡರೆ, ಸಂಜೆ ನೀರುಗಂಟಿಗೆ ಚಾವಿ ತಿರುಗಿಸಲು ಬರಲಿಲ್ಲ. ನಿಂತು ನೋಡಿದ, ಬಗ್ಗಿ ನೋಡಿದ. ಕೈ ಎಡಕ್ಕೋ ಬಲಕ್ಕೋ ತಿಳಿಯದೆ ತಡವರಿಸಿತು. ಮೇಸ್ತ್ರಿ "ಕೊಡಿ ಭಾವ, ನಾನೇ..." ಎಂದು ಕೈ ಹಾಕಿದ. ಹೆಂಡತಿ ಅವನ ಕೈಗೆ ಒಂದು ಏಟು ಕೊಟ್ಟು, ಮನೆಗೆ ಹೋಗಿ ಇಸ್ತ್ರಿ ಮೇಜಿನ ಬಳಿಯ ಸ್ಟೂಲು ತಂದು ವಾಲ್ವಿನ ಮುಂದಿಟ್ಟಳು. ನೀರುಗಂಟಿ ಕೂತ. ಕಾಲು ಅಗಲಿಸಿದ. ಗಲ್ಲವೂರಿದ. ಚಾವಿ ತಾನೇ ತಿರುಗಿತು.

ಅಂದಿನಿಂದ ಸಂಜೆ ಅರ್ಧ ಗಂಟೆ ಗಂಡ ಸ್ಟೂಲಿನ ಮೇಲೆ, ಹೆಂಡತಿ ಇಟ್ಟಿಗೆ ಕಟ್ಟೆಯ ಮೇಲೆ. ಕೆಲವು ಸಂಜೆ ಅವನ ಕಣ್ಣು ಅಂಗಡಿಯ ಕಡೆ ಹೋಗಿ ಅಲ್ಲೇ ನಿಲ್ಲುತ್ತಿತ್ತು, ಅಂಗೈ ಬೆವರುತ್ತಿತ್ತು. ಆಗ ಅವಳು ಸ್ಟೂಲನ್ನು ಒಂದಿಷ್ಟು ಆಚೆಗೆ ತಿರುಗಿಸುತ್ತಿದ್ದಳು. ನಿನ್ನೆ ಏನಾಯಿತೆಂದು ಕೇಳಿದರೆ ಅವನು ಈಗಲೂ ಒಂದು ಕಥೆ ಹೇಳುತ್ತಿದ್ದ. ಆದರೆ ನಡುವೆ ಒಮ್ಮೊಮ್ಮೆ ನಿಲ್ಲಿಸಿ, "ಹೌದಾ? ಹಾಗಾಯ್ತಾ?" ಎಂದು ಅವಳನ್ನೇ ಕೇಳುತ್ತಿದ್ದ. ಮೊದಲು ಹಾಗೆ ಕೇಳುತ್ತಿರಲಿಲ್ಲ.

ಒಂದು ಸಂಜೆ ಬಡಗಿ ಆ ದಾರಿಯಲ್ಲಿ ಬಂದು ನಿಂತ.

"ಏನಯ್ಯಾ, ಮೊದಲ ದಿನವೇ ನಾನು ಹೇಳಿರಲಿಲ್ವಾ, ವಾಲ್ವು ತಿರುಗಿಸಿದೀನಿ ಅಂತ?" ಎಂದ ನೀರುಗಂಟಿ. "ನೀವು ನಂಬಲಿಲ್ಲ. ಬೇಕಾದ್ರೆ ನಿಮ್ಮಮ್ಮನ್ನ ಕೇಳು."

ಹೆಂಡತಿ ಬಡಗಿಯ ಮುಖ ನೋಡಿದಳು. ಬಡಗಿ ಹೆಗಲ ಮೇಲಿನ ಹಲಗೆಯನ್ನು ಕೆಳಗಿಳಿಸಿ, ಸಾವಕಾಶವಾಗಿ ಬೆವರು ಒರೆಸಿಕೊಂಡ.

"ಕೇಳ್ದೆ" ಎಂದ. "ನಿಜವಂತೆ. ಆದ್ರೆ ಆ ಹಿತ್ತಾಳೆ ಲೋಟ ಇನ್ನೂ ವಾಪಸ್ ಕೊಟ್ಟಿಲ್ವಂತೆ ನೀನು."

ನೀರುಗಂಟಿ ತಬ್ಬಿಬ್ಬಾಗಿ ಹೆಂಡತಿಯ ಕಡೆ ತಿರುಗಿದ. "ಹೌದೇನೇ?"

"ನಾಳೆ ಹುಡುಕಿ ಕೊಡ್ತೀನಿ" ಎಂದಳು ಅವಳು. "ಈಗ ವಾಲ್ವು ಮುಚ್ಚಿ. ಅರ್ಧ ಗಂಟೆ ಆಯ್ತು."